ಮೂಗು ನೋಡಿದ ಹುಡುಗಿ

ವಚನಾ ನನ್ನನ್ನು ನೋಡಿದ ಹಾಗೆ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ನನ್ನದು ರಾಜಾಜಿನಗರದಲ್ಲಿ ಕನ್ನಡಕದ ಅಂಗಡಿ. ದಿನವಿಡೀ ಜನ ನನ್ನ ಎದುರಿಗೇ ಕೂರುತ್ತಾರೆ, ಆದರೆ ನೋಡುವುದು ಕನ್ನಡಿಯನ್ನು. ಹೀಗೇ ಇಪ್ಪತ್ತೆಂಟು ತುಂಬಿಸಿಕೊಂಡವನ ಎದುರು, ಮಲ್ಲತ್ತಹಳ್ಳಿಯ ಒಂದು ಮನೆಯ ಹಾಲಿನಲ್ಲಿ, ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಕೊಟ್ಟ ಹುಡುಗಿ ಕೂತು ರೆಪ್ಪೆ ಮಿಟುಕಿಸದೆ ನೋಡಿದರೆ ಏನಾಗಬೇಡ? ಮೊದಲು ಹಣೆ ನೋಡಿದಳು. ಅಲ್ಲಿಂದ ನಿಧಾನಕ್ಕೆ ಮೂಗಿಗೆ ಇಳಿದಳು. ಕಿವಿಯ ಹತ್ತಿರ ಒಂದು ಕ್ಷಣ ನಿಂತು, ತಲೆ ಸ್ವಲ್ಪ ವಾಲಿಸಿ, ಮತ್ತೆ ಮೂಗಿಗೇ ಬಂದಳು. ನಾನು ಚಮಚ ಬಾಯಿಗಿಡುವುದನ್ನೇ ಮರೆತೆ.

ಹೆಣ್ಣು ನೋಡಲು ಹೋದವನು ನಾನು. ನೋಡಿಸಿಕೊಂಡು ಬಂದವನೂ ನಾನೇ.

"ಹುಡುಗಿ ಒಪ್ಪಿಬಿಟ್ಟಿದಾಳೆ ಕಣೋ," ಅಂದರು ನನ್ನ ಸೋದರತ್ತೆ ಲಿಂಗಮ್ಮ, ಕಾರು ಹತ್ತುತ್ತಿದ್ದಂತೆ. "ನಿನ್ನ ಮೇಲಿಂದ ಕಣ್ಣೇ ತೆಗೀಲಿಲ್ಲ. ನಮ್ಮ ಕಾಲ ಆಗಿದ್ರೆ ಬೈಸ್ಕೋತಿದ್ಲು."

ಅವಳ ತಂದೆ ಗಂಗಾಧರಯ್ಯನವರೂ ಅದನ್ನೇ ಗಮನಿಸಿದ್ದರಂತೆ. ಮಗಳನ್ನು ಬೇರೆ ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ನನಗೂ ಕಾಣಲಿಲ್ಲ, ಸುಳ್ಳೇಕೆ ಹೇಳಲಿ. ಎರಡೂ ಮನೆಯಲ್ಲಿ ನಿಶ್ಚಿತಾರ್ಥದ ಮಾತು ಶುರುವಾಯಿತು.

ಅಷ್ಟರಲ್ಲಿ ಒಂದು ಸಂಜೆ ಅವಳೇ ಅಂಗಡಿಗೆ ಬಂದಳು, ಒಬ್ಬಳೇ. ವಿರಹ ತಡೆಯಲಾಗದೆ ಬಂದಿದ್ದಾಳೆ ಎಂದುಕೊಂಡು ನಾನು ಗಿರಾಕಿಗಳ ಕನ್ನಡಿಯಲ್ಲಿ ತಲೆ ಬಾಚಿಕೊಂಡೆ.

"ಅವತ್ತು ನಾನು ನಿಮ್ಮನ್ನ ನೋಡ್ಲಿಲ್ಲ," ಅಂದಳು.

"ನೋಡಿದ್ರಿ. ನಮ್ಮತ್ತೆ ಸಾಕ್ಷಿ ಇದಾರೆ."

"ನಿಮ್ಮ ಮೂಗು ನೋಡಿದೆ ಅಷ್ಟೇ."

ಬಾಚಣಿಗೆ ಜೇಬಿಗೆ ಹೋಯಿತು.

ಅವಳು ಸಿವಿಲ್ ಡಿಪ್ಲೊಮಾ ಮಾಡಿ, ವಿಜಯನಗರದ ಬಿಲ್ಡರ್ ಒಬ್ಬರ ಆಫೀಸಿನಲ್ಲಿ ಬೇರೆಯವರು ಯೋಚಿಸಿದ ಮನೆಗಳಿಗೆ ಪ್ಲಾನ್ ಎಳೆಯುತ್ತಿದ್ದಳು. ತಾನೇ ಯೋಚಿಸಿದ ಮನೆ ಕಟ್ಟಿಸಬೇಕು ಎಂಬುದು ಅವಳ ಆಸೆ. ಅದಕ್ಕೆ ಆರ್ಕಿಟೆಕ್ಟ್ ಆಗುವ ಓದು, ಬಿ.ಆರ್ಕ್ ಸೇರಬೇಕು, ಸೇರಲು ನಾಟಾ ಎಂಬ ಪರೀಕ್ಷೆ ಬರೆಯಬೇಕು, ಅದರಲ್ಲಿ ಚಿತ್ರ ಬಿಡಿಸುವ ಪೇಪರ್ ಒಂದು. ದಿನಕ್ಕೊಬ್ಬ ಮನುಷ್ಯನನ್ನು ಸರಿಯಾಗಿ ನೋಡಿ, ಆಮೇಲೆ ನೆನಪಿನಿಂದ ಬಿಡಿಸಿ ಎಂದು ಕೋಚಿಂಗ್ ಸಾರ್ ಹೇಳಿದ್ದರು.

"ಅವತ್ತು ಮನೆಯಿಂದ ಆಚೆ ಬಿಡ್ಲಿಲ್ಲ. ಸಿಕ್ಕಿದ್ದು ನೀವೊಬ್ರೇ," ಅಂದಳು.

"ಮನೇಲಿ ಹೇಳಬಹುದಿತ್ತಲ್ಲ?"

"ಮೊದಲೇ ಹೇಳಿದ್ದೆ. ಇಪ್ಪತ್ಮೂರಾಯ್ತು, ಇನ್ನೂ ಐದ್ ವರ್ಷ ಕಾಲೇಜಾ ಅಂದ್ರು. ಈಗ ಆ ಮಾತೆತ್ತೋ ಹಂಗೂ ಇಲ್ಲ. ಹುಡುಗನ್ನ ಹಂಗೆ ನೋಡ್ದೋಳು ಯಾವ ಬಾಯಲ್ಲಿ ಓದ್ತೀನಿ ಅಂತೀಯಾ ಅಂತಾರೆ." ಅವಳ ದನಿ ಸಣ್ಣದಾಯಿತು. "ಅಪ್ಲಿಕೇಷನ್ ಹಾಕೋಕೆ ಜಾಸ್ತಿ ದಿನ ಇಲ್ಲ. ದಯವಿಟ್ಟು ನೀವೇ ಹುಡುಗಿ ಬೇಡ ಅಂದ್ಬಿಡಿ."

ನನಗೆ ತುಂಬ ಬೇಜಾರಾಯಿತು. ತೋರಿಸಿಕೊಳ್ಳಬಾರದು ಎಂದು, "ಚಿತ್ರ ಎಲ್ಲಿ, ತೋರ್ಸಿ," ಅಂದೆ.

ಬ್ಯಾಗಿನಿಂದ ತೆಗೆದಳು. ತಟ್ಟೆ ಹಿಡಿದು ಬೆಪ್ಪನ ಹಾಗೆ ಕೂತವನು ನಾನೇ. ಆದರೆ ಅದರಲ್ಲಿ ಗೇಲಿ ಇರಲಿಲ್ಲ. ಸಂಕೋಚಕ್ಕೆ ಮೊಣಕಾಲು ಜೋಡಿಸಿಕೊಂಡಿದ್ದನ್ನೂ ಬಿಡದೆ, ಅಕ್ಕರೆಯಿಂದ ಬಿಡಿಸಿದ್ದಳು. ಈ ಕೈ ಇನ್ನೊಬ್ಬರ ಪ್ಲಾನ್ ಎಳೆಯುತ್ತಾ ಕೂರುವುದು ಅನ್ಯಾಯ ಅನ್ನಿಸಿತು.

"ಆಯ್ತು, ಬೇಡ ಅಂತೀನಿ," ಅಂದೆ.

ಅವಳ ಮುಖ ಅರಳಿತು. ನನಗೆ ಅವಳು ಪೂರ್ತಿಯಾಗಿ ಇಷ್ಟವಾಗಿದ್ದು ಆ ಗಳಿಗೆಯಲ್ಲೇ. ನೋಡಿ ನನ್ನ ಗ್ರಹಚಾರ.

ಲಿಂಗಮ್ಮತ್ತೆ ನನ್ನ ಜೊತೆ ಮಾತು ಬಿಟ್ಟರು. ಎಷ್ಟು ಕೇಳಿದರೂ ನಾನು ಕಾರಣ ಹೇಳಲಿಲ್ಲ. ಹೇಳಿದರೆ ವಚನಾ ಮೇಲೆ ಮಾತು ಬರುತ್ತಿತ್ತು. ಅತ್ತ ಗಂಗಾಧರಯ್ಯ ಕೆಂಡಾಮಂಡಲವಾದರಂತೆ. ನನ್ನ ಮಗಳಿಗೇನು ಕಮ್ಮಿ, ಆ ಕನ್ನಡಕದವನು ಮೂಗಿನ ಮೇಲೆ ಬೆರಳಿಡೋ ಹಂಗೆ ಓದ್ತಾಳೆ ಎಂದು, ಆ ಕೋಪದಲ್ಲೇ ಪಕ್ಕದಲ್ಲಿ ಕೂತು ಅರ್ಜಿ ಹಾಕಿಸಿದರಂತೆ. ಇದನ್ನು ಹೇಳಲು ಅಂಗಡಿಗೆ ಬಂದ ವಚನಾ ನಕ್ಕು ನಕ್ಕು ಸುಸ್ತಾದಳು.

ಆಮೇಲೂ ಬಂದಳು. ಕೋಚಿಂಗ್ ಮುಗಿಸಿ ಬರುವಾಗ ಕೈಯಲ್ಲಿ ಅವರಪ್ಪನ ಕನ್ನಡಕ. ಸ್ಕ್ರೂ ಸಡಿಲವಾಗಿದೆ ಅಂದಳು. ಬಿಗಿ ಮಾಡಿಕೊಟ್ಟೆ. ಮುಂದಿನ ವಾರ ಮತ್ತೆ ಸಡಿಲ.

"ನಿಮ್ಮಪ್ಪ ಇದನ್ನ ಹಾಕ್ಕೊಂಡು ಕಬಡ್ಡಿ ಆಡ್ತಾರಾ?"

"ನಿಮ್ಮ ಕೆಲಸಾನೇ ಸರಿ ಇಲ್ಲ ಅನ್ಸುತ್ತೆ," ಅಂದು ಗೋಡೆಯ ಫ್ರೇಮುಗಳ ಕಡೆ ತಿರುಗಿಕೊಂಡಳು. ಒಂದು ಕೆನ್ನೆ ಮಾತ್ರ ನನಗೆ ಕಾಣುತ್ತಿತ್ತು. ಅದರಲ್ಲಿ ಗುಳಿ ಬಿದ್ದಿತ್ತು.

ಆ ಸ್ಕ್ರೂ ತಾನಾಗಿ ಸಡಿಲವಾಗುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬಿಟ್ಟರೆ, ಅವಳು ಬರುವುದನ್ನೇ ನಿಲ್ಲಿಸಿಬಿಟ್ಟರೆ?

ಪರೀಕ್ಷೆ ಆಯಿತು, ಅಂಕ ಬಂತು, ಯಾವ ಕಾಲೇಜು ಬೇಕು ಎಂದು ಆಯ್ಕೆ ತುಂಬಿದ್ದೂ ಆಯಿತು. ಅಲ್ಲಿಗೆ ಅವಳು ಬರುವುದು ನಿಂತಿತು. ಸೀಟು ಸಿಕ್ಕಿತೋ ಇಲ್ಲವೋ ತಿಳಿಯದೆ ನನಗೆ ಊಟ ರುಚಿಸುತ್ತಿರಲಿಲ್ಲ. ಫೋನ್ ಮಾಡಿ ಕೇಳಲು ನಾನು ಯಾರು? ಬೇಡ ಅಂದ ಗಂಡು.

ಶ್ರಾವಣದ ಒಂದು ಬೆಳಿಗ್ಗೆ ಶಟರ್ ಎತ್ತುತ್ತಿದ್ದೆ.

"ಸಿಕ್ತು," ಅಂತ ಹಿಂದಿನಿಂದ ಅವಳ ದನಿ. "ಕೆಂಗೇರಿ ಕಡೆ ಕಾಲೇಜು. ಅಡ್ಮಿಷನ್ನೂ ಆಯ್ತು."

ಅಬ್ಬಾ! ಪರೀಕ್ಷೆ ಬರೆದವನು ನಾನೇ ಏನೋ ಅನ್ನುವಷ್ಟು ಹಗುರವಾಯಿತು. ಶಟರನ್ನು ಅರ್ಧಕ್ಕೇ ಬಿಟ್ಟು ತಿರುಗಿದೆ.

"ಇನ್ನೊಂದ್ ವಿಷಯ," ಅಂದಳು. "ನಿನ್ನೆ ಅಪ್ಪನಿಗೆ ನಿಜ ಹೇಳ್ದೆ. ಬೇಡ ಅನ್ನಿ ಅಂತ ನಾನೇ ನಿಮ್ಮ ಹತ್ರ ಬೇಡ್ಕೊಂಡಿದ್ದು ಅಂತ."

"ಏನಂದ್ರು?"

"ನೀವೇ ಕೇಳಿ. ಪಾರ್ಕಿಂಗ್ ಹುಡುಕ್ತಾ ಇದಾರೆ."

ಗಂಗಾಧರಯ್ಯ ಒಳಗೆ ಬಂದಾಗ ನಾನು ಎರಡೆರಡು ಸಲ ಕೈಮುಗಿದೆ.

"ಏನ್ರೀ, ಸಿಕ್ಕಿದವರ ಹತ್ರ ಎಲ್ಲ ನಿಮ್ಮನ್ನ ಬೈಕೊಂಡು ಓಡಾಡಿದೀನಿ. ಒಂದ್ ಮಾತು ಹೇಳಬಾರದಿತ್ತಾ?"

"ಬೈದ್ರೆ ಬೈಲಿ, ಇವರು ಓದ್ಕೊಳ್ಲಿ ಅಂತ ಸುಮ್ನಿದ್ದೆ ಸಾರ್."

ಅವರು ಗಂಟಲು ಸರಿಮಾಡಿಕೊಂಡರು. "ನೇರವಾಗೇ ಕೇಳ್ತೀನಿ. ಇವಳು ನಿಜವಾಗ್ಲೂ ಬೇಡವಾ ನಿಮಗೆ?"

"ಬೇಕು ಸಾರ್." ಎಷ್ಟು ಬೇಗ ಹೇಳಿದೆನೆಂದರೆ ನನಗೇ ನಾಚಿಕೆಯಾಯಿತು.

"ಓದು ಮುಗಿಯೋಕೆ ಐದು ವರ್ಷ. ಅಲ್ಲೀತನಕ ಕಾಯ್ತೀರಾ?"

"ಕಾಯ್ತೀನಿ."

"ಸದ್ಯ!" ಎಂದು ಅವರು ಸ್ಟೂಲಿನ ಮೇಲೆ ಕೂತರು. "ಹಾಗಾದ್ರೆ ಮುಗೀತು."

"ಮುಗೀಲಿಲ್ಲ," ಅಂದಳು ವಚನಾ.

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. ಕಿವಿಯವರೆಗೂ ಕೆಂಪಾಗಿದ್ದಳು.

"ಅವರು ಕಾಯ್ತಾರಪ್ಪಾ, ಅದು ನಂಗೂ ಗೊತ್ತು. ನಂಗೇ ಆಗಲ್ಲ ಐದ್ ವರ್ಷ. ಮದುವೆ ಆಗಿ ಕಾಲೇಜಿಗೆ ಹೋಗ್ತೀನಿ. ಬೆಳಿಗ್ಗೆ ಬಸ್‌ಸ್ಟಾಪಿಗೆ ಇವರು ಬಿಡ್ತಾರೆ." ಆಮೇಲೆ ನನ್ನ ಕಡೆ ತಿರುಗಿದಳು. "ಬಿಡ್ತೀರಾ ತಾನೇ?"

"ಬಸ್ ಯಾಕೆ," ಅಂದೆ. "ಕಾಲೇಜ್ ಗೇಟಿನವರೆಗೂ ಬಿಡ್ತೀನಿ."