ಹಳೇ ಡ್ರೈವ್ ಒಂದನ್ನೇ ಕದ್ದ ಕಳ್ಳ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಲ್ಯಾಪ್‌ಟಾಪ್ ರಿಪೇರಿಯವನು ಠಾಣೆಗೆ ಬಂದು, ತನ್ನ ಅಂಗಡಿಗೆ ಕಳ್ಳ ನುಗ್ಗಿದ್ದಾನೆಂದು ದೂರು ಕೊಟ್ಟ. ಸತ್ತ ಯಂತ್ರಗಳನ್ನು ಬದುಕಿಸುತ್ತಾನೆಂದು ಪೇಟೆಯವರೆಲ್ಲ ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಠಾಣೆಯ ಕಂಪ್ಯೂಟರಿಗೂ ಅವನೇ ಗತಿ. ಹಾಗಾಗಿ ದೂರು ಬರೆದುಕೊಳ್ಳುವ ಮೊದಲೇ ಅವನಿಗೆ ಕುರ್ಚಿ ಸಿಕ್ಕಿತು. ಬೇರೆ ದೂರುದಾರರಿಗೆ ಆ ಭಾಗ್ಯ ಇರಲಿಲ್ಲ.

“ಏನೇನು ಹೋಗಿದೆ?” ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

“ಒಂದು ಡ್ರೈವ್ ಮೇಡಂ. ಹಳೇದು.”

“ಅಷ್ಟೇನಾ?”

“ಅಷ್ಟೇ.”

“ಏನಿತ್ತು ಅದರಲ್ಲಿ?”

ಡಾಕ್ಟರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. “ಕಂಡಕ್ಟರ್ ಅಣ್ಣನ ದನಿ ಇತ್ತು.”

ಬಸ್ ಕಂಡಕ್ಟರರ ಗಂಟಲಲ್ಲಿ ಗಡ್ಡೆಯಾಗಿ, ಡಾಕ್ಟರುಗಳು (ಇವರು ನಿಜವಾದವರು) ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಶಸ್ತ್ರಚಿಕಿತ್ಸೆಗೆ ಮೊದಲು ಅವರು ಹಾಸಿಗೆಯ ಮೇಲೆ ಕೂತು ಮಗಳಿಗಾಗಿ ಕತೆಗಳನ್ನು ಹೇಳಿ ಲ್ಯಾಪ್‌ಟಾಪಿನಲ್ಲಿ ತುಂಬಿಸಿದ್ದರು. ಮಗು ಅವನ್ನು ಕೇಳಿಕೊಂಡೇ ಮಲಗುತ್ತಿತ್ತು. ಈಚೆಗೆ ಲ್ಯಾಪ್‌ಟಾಪ್ ಪದೇ ಪದೇ ನಿಂತುಹೋಗತೊಡಗಿದಾಗ ಹೆಂಡತಿ ಅದನ್ನು ಅಂಗಡಿಗೆ ತಂದರು. ಡ್ರೈವ್ ಹಳೇದಾಗಿದೆ, ಎಲ್ಲವನ್ನೂ ಹೊಸದಕ್ಕೆ ಕಾಪಿ ಮಾಡಿಕೊಡುತ್ತೇನೆ, ಒಂದು ಮಾತೂ ಹೋಗಲ್ಲ ಅಕ್ಕ ಎಂದು ಡಾಕ್ಟರ್ ಮಾತು ಕೊಟ್ಟಿದ್ದ.

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಪಂಚರ ಸಮಕ್ಷಮ ಅಂಗಡಿಯ ಪಂಚನಾಮೆ. ಜೊತೆಗಿದ್ದದ್ದು ಹೆಡ್ ಕಾನ್‌ಸ್ಟೆಬಲ್. ಕಸವನ್ನೂ ಬಿಡದೆ ಸೋಸುವ ಚಾಳಿಯಿಂದ ಅವನಿಗೆ ಜರಡಿ ಎಂಬ ಹೆಸರು ಬಿದ್ದಿತ್ತು.

ಬಾಗಿಲ ಬಳಿ ಗರಗಸದಲ್ಲಿ ಕುಯ್ದ ಬೀಗ ಬಿದ್ದಿತ್ತು. ಹೊಸ ಲ್ಯಾಪ್‌ಟಾಪ್‌ಗಳು ಕಪಾಟಿನಲ್ಲಿ ಸಾಲಾಗಿ ಕೂತಿದ್ದವು.

“ಕಳ್ಳ ಭಾರಿ ಸಂಭಾವಿತ ಮೇಡಂ,” ಎಂದ ಜರಡಿ.

ಟೇಬಲ್ ಮೇಲೆ ಕಂಡಕ್ಟರರ ಲ್ಯಾಪ್‌ಟಾಪ್. ಇನ್‌ಸ್ಪೆಕ್ಟರ್ ಗುಂಡಿ ಒತ್ತಿದರು. ಫ್ಯಾನ್ ಸುಯ್‌ಗುಟ್ಟಿತು, ಕಪ್ಪು ಪರದೆಯ ಮೇಲೆ, ಬೂಟ್ ಆಗಲು ಏನೂ ಸಿಗುತ್ತಿಲ್ಲ ಎಂಬ ಬಿಳಿ ಸಾಲು ಬಂದು ನಿಂತಿತು.

“ಒಳಗಿರೋದು ಹೊಸ ಡ್ರೈವ್. ಖಾಲಿ,” ಎಂದ ಡಾಕ್ಟರ್. “ಕಾಪಿ ಮಾಡೋಕೆ ಮುಂಚೆನೇ ಹಳೇದು ಹೋಯ್ತು.”

ಇನ್‌ಸ್ಪೆಕ್ಟರ್ ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದರು. ಎಲ್ಲ ಸ್ಕ್ರೂಗಳೂ ಬಿಗಿಯಾಗಿದ್ದವು. ಇನ್ನೂ ಏನೂ ಕಾಪಿಯಾಗದ ಖಾಲಿ ಡ್ರೈವನ್ನು ಒಳಗಿಟ್ಟು ಇಷ್ಟು ಬಿಗಿದು ಮುಚ್ಚುವವರು ಯಾರು? ಅಷ್ಟರಲ್ಲಿ ಜರಡಿ ಸಾಮಾನು ಕಚ್ಚಿಸಿ ಹಿಡಿಯಲು ಟೇಬಲ್ ಅಂಚಿಗೆ ಬಿಗಿದಿದ್ದ ವೈಸ್‌ನ ಕೆಳಗೆ ಬೆರಳಾಡಿಸಿ ತೋರಿಸಿದ. ಬೆರಳ ತುದಿಗೆ ಹೊಳೆಯುವ ಲೋಹದ ಪುಡಿ ಅಂಟಿತ್ತು. ಇನ್‌ಸ್ಪೆಕ್ಟರ್ ಅದನ್ನು ಪೊಟ್ಟಣ ಕಟ್ಟಿಸಿದರು, ಆಗ ಏನೂ ಕೇಳಲಿಲ್ಲ.

ಮಧ್ಯಾಹ್ನ ಹೇಳಿಕೆ ಪಡೆಯಲು ಕಂಡಕ್ಟರರ ಮನೆಗೆ ಹೋದರು. ಕಂಡಕ್ಟರ್ ಸ್ಲೇಟಿನ ಮೇಲೆ ಬರೆದು ತೋರಿಸಿದರು: ‘ಸಿಗುತ್ತಾ?’

ತನಿಖೆಯಲ್ಲಿ ಮಾತು ಕೊಡಬಾರದೆಂದು ಇನ್‌ಸ್ಪೆಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ತಪ್ಪಿತು. “ಕಳ್ಳ ಸಿಗ್ತಾನೆ.”

“ನಿದ್ದೆನೇ ಮಾಡ್ತಿಲ್ಲ ಮೇಡಂ ಇವಳು,” ಎಂದರು ಹೆಂಡತಿ, ಮಗುವಿನ ತಲೆ ಸವರುತ್ತ. “ನಾನು ಹೇಳಿದ್ರೆ ಹೀಗಲ್ಲ, ಅಪ್ಪ ಹೇಳೋ ಥರ ಅಂತಾಳೆ.”

ಮಗು ಇನ್‌ಸ್ಪೆಕ್ಟರರ ಬೆಲ್ಟನ್ನೇ ನೋಡುತ್ತ ಕೇಳಿತು: “ಕಳ್ಳ ಈಗ ಅಪ್ಪನ ಕತೆ ಕೇಳ್ತಿರ್ತಾನಾ?”

ಸಂಜೆ ಡಾಕ್ಟರನ್ನು ಠಾಣೆಗೆ ಕರೆಸಿದರು. ಈ ಸಲ ಕುರ್ಚಿ ಸಿಗಲಿಲ್ಲ.

“ಬಾಗಿಲಲ್ಲಿರೋ ಬೀಗ ಕುಯ್ದರೆ ಪುಡಿ ಎಲ್ಲಿ ಬೀಳುತ್ತೆ?”

“ಹೊಸ್ತಿಲಲ್ಲಿ.”

“ನಿನ್ನ ಟೇಬಲ್ ಮೇಲೆ ಯಾಕೆ ಬಿತ್ತು?”

ಡಾಕ್ಟರ್ ಮತ್ತೆ ಕನ್ನಡಕ ತೆಗೆದ.

“ಡ್ರೈವ್ ಎಲ್ಲಿ?”

ಅವನು ಅಂಗಿಯ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟ. ಬೆಳಿಗ್ಗೆಯಿಂದ ಅದು ಅವನ ಎದೆಯ ಮೇಲೇ ಇತ್ತು. ದೂರು ಕೊಡುವಾಗಲೂ.

“ಕಾಪಿ ಮಾಡೋ ಪೆಟ್ಟಿಗೇಲಿ ಎರಡು ಗೂಡು ಮೇಡಂ. ಮುಂದಿನದ್ರಲ್ಲಿ ಇರೋದು ಹಿಂದಿನದಕ್ಕೆ ಹೋಗುತ್ತೆ. ಎರಡೂ ಡ್ರೈವ್ ನೋಡೋಕೆ ಒಂದೇ ಥರ. ನಾನು ಯಾವಾಗ್ಲೂ ಹಳೇದಕ್ಕೆ ಚೀಟಿ ಅಂಟಿಸಿಯೇ ಕೆಲಸ ಶುರು ಮಾಡೋದು.”

“ಈ ಸಲ?”

“ಚೀಟಿ ಹರೀತಿದ್ದೆ. ಅಕ್ಕ ಫೋನ್ ಮಾಡಿದ್ರು. ಆಯ್ತಾ ಅಣ್ಣ, ಮಗು ಮಲಗ್ತಿಲ್ಲ ಅಂದ್ರು. ಈಗ್ಲೇ ಆಗುತ್ತೆ ಅಕ್ಕ ಅಂತ ಹೇಳ್ತಾ ಹೇಳ್ತಾ ಎರಡನ್ನೂ ಹಾಕಿ ಗುಂಡಿ ಒತ್ತಿಬಿಟ್ಟೆ. ಖಾಲಿಯದ್ದು ಮುಂದಿತ್ತು.”

“ಅಂದ್ರೆ?”

“ಖಾಲಿಯನ್ನೇ ಕತೆಗಳ ಮೇಲೆ ಕಾಪಿ ಮಾಡ್ದೆ ಮೇಡಂ.”

ಜರಡಿ ಬರೆಯುವುದನ್ನು ನಿಲ್ಲಿಸಿದ.

“ಲ್ಯಾಪ್‌ಟಾಪ್ ಬೂಟ್ ಆಗ್ಲಿಲ್ಲ. ಕೇಬಲ್ ಬದಲಾಯಿಸ್ದೆ. ರ‍್ಯಾಮ್ ಕಿತ್ತು ಒರೆಸಿ ಹಾಕ್ದೆ. ಸೆಟ್ಟಿಂಗ್ ಎಲ್ಲಾ ನೋಡ್ದೆ. ಹಳೇದು ಹಾಕ್ದೆ, ಹೊಸದು ಹಾಕ್ದೆ, ಮತ್ತೆ ಹಳೇದು. ಏನಾಗಿದೆ ಅಂತ ಗೊತ್ತಿತ್ತು, ಆದ್ರೂ ಕೈ ಬಿಡ್ಲಿಲ್ಲ. ಕೊನೆಗೆ ಹೊಸದನ್ನೇ ಹಾಕಿ ಸ್ಕ್ರೂ ಬಿಗಿದೆ.”

“ತಪ್ಪಾಯ್ತು ಅಂತ ಹೇಳಿದ್ರೆ ಮುಗೀತಿತ್ತು. ಕಳ್ಳನ್ನ ಯಾಕೆ ಹುಟ್ಟಿಸ್ದೆ?”

“ಅಳಿಸಿಹೋಯ್ತು ಅಂದ್ರೆ ಅಲ್ಲಿಗೆ ಮುಗೀತು. ಕಳ್ಳ ಒಯ್ದ ಅಂದ್ರೆ ಎಲ್ಲೋ ಒಂದು ಕಡೆ ಇದೆ ಅಂದ್ಕೋತಾರೆ.” ಸ್ವಲ್ಪ ತಡೆದು ಸೇರಿಸಿದ: “ನನ್ನ ಹೆಸರೂ ಉಳಿಯುತ್ತೆ ಅಂದ್ಕೊಂಡೆ. ಸುಳ್ಳು ಹೇಳಲ್ಲ.”

ಸುಳ್ಳು ದೂರು ಮತ್ತು ಸಾಕ್ಷ್ಯ ಮುಚ್ಚಿಟ್ಟ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಲಾಕಪ್ಪಿಗೆ ಹೋಗುವಾಗ ಅವನು ಒಂದೇ ಒಂದನ್ನು ಬೇಡಿಕೊಂಡ: “ಫೋನ್ ವಿಷಯ ಅಕ್ಕನಿಗೆ ಹೇಳ್ಬೇಡಿ.”

ಡ್ರೈವ್ ಪ್ರಯೋಗಾಲಯಕ್ಕೆ ಹೋಯಿತು. ಮುಂದಿನ ವಾರ ತಜ್ಞರು ಫೋನಿನಲ್ಲಿ ಹೇಳಿದರು, ಮೊದಲಿಂದ ಕೊನೇವರೆಗೂ ಸೊನ್ನೆ, ಯಾರ ಕೈಲೂ ಆಗಲ್ಲ. ಇನ್‌ಸ್ಪೆಕ್ಟರ್ ಇನ್ನೊಂದು ಸಲ ನೋಡಿ ಎಂದು ಗೋಗರೆದರು. ಅಧಿಕಾರದ ದನಿ ಎಲ್ಲಿ ಹೋಯಿತೋ ಅವರಿಗೇ ಗೊತ್ತಾಗಲಿಲ್ಲ.

ಕಂಡಕ್ಟರರ ಮನೆಯಲ್ಲಿ ಅವರು ಎಲ್ಲವನ್ನೂ ಹೇಳಿದರು, ಫೋನಿನ ವಿಷಯ ಒಂದನ್ನು ಬಿಟ್ಟು. ಹೆಂಡತಿ ಗೋಡೆಗೆ ಒರಗಿ ಕೂತುಬಿಟ್ಟರು. ಕಂಡಕ್ಟರ್ ಸ್ಲೇಟ್ ಎತ್ತಿಕೊಂಡರು, ಬಳಪ ಹಿಡಿದರು, ಏನೂ ಬರೆಯದೆ ಕೆಳಗಿಟ್ಟರು. ಇನ್‌ಸ್ಪೆಕ್ಟರಿಗೆ ಅಲ್ಲಿಂದ ಎದ್ದುಹೋಗುವ ಧೈರ್ಯವೂ ಬರಲಿಲ್ಲ.

ಒಳಗಿನಿಂದ ಮಗು ಓಡಿ ಬಂತು. “ಕಳ್ಳ ಸಿಕ್ಕಿದ್ನಾ?”

“ಸಿಕ್ಕಿದ ಪುಟ್ಟಿ.”

“ಹಾಗಾದ್ರೆ ಕೊಡಿ,” ಎಂದು ಮಗು ಎರಡೂ ಕೈ ಚಾಚಿ ನಿಂತಿತು.