ಗೋಡೆಯ ಮೇಲಿನ ಕೆಂಪು ಗೆರೆ

"ಯಾರನ್ನ ಕೇಳಿ ನನ್ನ ಹೆಸರು ಗೋಡೆ ಮೇಲೆ ಹಾಕಿದ್ರಿ?"

ಚೋಲ್ಪೋನ್‌ಳ ಧ್ವನಿಗೆ ಬಿಷ್ಕೆಕ್‌ನ ಆ ಕಚೇರಿಯ ಕೀಬೋರ್ಡ್‌ಗಳೆಲ್ಲ ಸುಮ್ಮನಾದವು.

ಎದುರಿಗಿದ್ದವನು ಎರ್ಮೆಕ್, ಹೊಸಬ. ಕಂಪನಿಯ ಡೆವಲಪರ್‌ಗಳು ಬಳಸುವ ಪ್ಲಾಟ್‌ಫಾರ್ಮ್ ಮತ್ತು ಅದಕ್ಕೆ ಜೋಡಿಸುವ ಪುಟ್ಟ ತಂತ್ರಾಂಶಗಳಾದ ಪ್ಲಗಿನ್‌ಗಳ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಎಲ್ಲರಿಗೂ ಕಾಣಿಸುವುದು ಅವನ ಕೆಲಸ. ಗೋಡೆಯ ಪರದೆಯಲ್ಲಿ ಉಳಿದೆಲ್ಲ ಪ್ಲಗಿನ್‌ಗಳ ಗೆರೆ ಹಸಿರು. ಚೋಲ್ಪೋನ್ ಬರೆದದ್ದೊಂದೇ, ಅವಳ ಹೆಸರಿನ ಸಮೇತ, ಕೆಂಪು... ನಿಧಾನ!

"ನಾನು ಹಾಕಿಲ್ಲ. ಅಳತೆ ಹೇಳ್ತಿದೆ," ಎಂದ ಅವನು.

"ಹಾಗಾದ್ರೆ ನಿಮ್ಮ ಅಳತೆ ಜೊತೆನೇ ಮಾತಾಡ್ಕೊಳ್ಳಿ!"

ಎರಡು ವರ್ಷದ ದುಡಿಮೆ. ಶುಕ್ರವಾರದ ಸಭೆಯಲ್ಲಿ ಅವಳ ಪ್ಲಗಿನ್ನನ್ನೇ ತೆಗೆದುಹಾಕುತ್ತಾರೆಂಬ ಮಾತು ಹಬ್ಬಿತು. 'ಎಂಥ ಕಲ್ಲು ಮನಸ್ಸು ಇವನದು!' ಎಂದುಕೊಂಡಳು.

ಶುಕ್ರವಾರ ಮುಖ್ಯಸ್ಥೆ ಗುಲ್ಸುನ್ ಬಾಯಿ ತೆರೆಯುವ ಮೊದಲೇ ಎರ್ಮೆಕ್ ಎದ್ದು ನಿಂತ.

"ಅಕ್ಕಾ, ತಪ್ಪು ನಂದು. ಬೇರೆ ಪ್ಲಗಿನ್‌ಗಳಲ್ಲಿ ನೂರು ಕೋರಿಕೆಗೆ ಒಂದನ್ನ ಮಾತ್ರ ದಾಖಲಿಸ್ತಿದ್ದೆ. ಇವರದ್ರಲ್ಲಿ ಪ್ರತಿಯೊಂದನ್ನೂ. ಒಂದೊಂದು ದಾಖಲೆನೂ ಹೋಗಿ ಮುಟ್ಟೋವರೆಗೆ ಪಾಪ ಇವರ ಪ್ಲಗಿನ್ ಕಾಯ್ತಾ ನಿಲ್ತಿತ್ತು. ನಿಧಾನ ಮಾಡಿದ್ದೇ ನನ್ನ ಅಳತೆ. ಅದರ ದಾಖಲೆನೇ ತಿರುವಿ ಹಾಕಿದಾಗ ಗೊತ್ತಾಯ್ತು."

"ಇವರದ್ದಕ್ಕೆ ಮಾತ್ರ ಯಾಕಪ್ಪಾ ಅಷ್ಟೊಂದು ಮುತುವರ್ಜಿ?"

ಅವನ ಕಿವಿ ಕೆಂಪಾಯಿತು. "ಬಂದ ದಿನ ಇವರ ಕೋಡ್ ಓದ್ದೆ... ಅಷ್ಟು ಅಚ್ಚುಕಟ್ಟಾಗಿ ಬರೆದಿದ್ದು ನೋಡೇ ಇರ್ಲಿಲ್ಲ. ಪೂರ್ತಿ ನೋಡ್ಬೇಕು ಅನ್ನಿಸ್ತು."

ಯಾರೋ ಕಿಸಕ್ಕನೆ ನಕ್ಕರು.

"ಹಾಗಿದ್ರೆ ನಿನ್ನ ಅಳತೆನೇ ಕಿತ್ತು ಹಾಕೋಣ. ನಿನ್ನ ವಿಚಾರ ಆಮೇಲೆ," ಎಂದಳು ಗುಲ್ಸುನ್.

ಚೋಲ್ಪೋನ್ ಥಟ್ಟನೆ ಎದ್ದಳು. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಒಪ್ಪಿಕೊಂಡನಲ್ಲ!

"ಬೇಡ ಅಕ್ಕಾ! ತಪ್ಪು ಎಲ್ಲಿದೆ ಅಂತ ತೋರಿಸಿದ್ದೂ ಅದೇ ಅಳತೆ ಅಲ್ವಾ? ಅದೂ ಇರ್ಲಿ, ಇವರೂ ಇರ್ಲಿ. ನನ್ನದ್ರಲ್ಲೂ ನೂರಕ್ಕೆ ಒಂದೇ ಸಾಕು."

ಗುಲ್ಸುನ್ ಇಬ್ಬರ ಮುಖವನ್ನೂ ನೋಡಿದಳು. "ಸರಿ, ಸೋಮವಾರದೊಳಗೆ ಹಸಿರಾಗ್ಬೇಕು."

ಸೋಮವಾರ ಗೆರೆ ಹಸಿರಾಗಿತ್ತು. ಕಚೇರಿಯ ಅಡುಗೆಮನೆಯಲ್ಲಿ ಎರ್ಮೆಕ್ ಅವಳಿಗೆ ಚಹಾ ಸುರಿದ. ಅವಳ ಮುಖವನ್ನೇ ನೋಡುತ್ತಿದ್ದವನಿಗೆ ಬಟ್ಟಲು ಅಂಚಿನವರೆಗೂ ತುಂಬಿದ್ದು ತಿಳಿಯಲಿಲ್ಲ.

ಅತಿಥಿ ಕೂತಿರಲಿ ಎಂದಿದ್ದರೆ ಅಲ್ಲಿ ಸ್ವಲ್ಪ ಸ್ವಲ್ಪವೇ ಸುರಿಯುತ್ತಾರೆ; ಬಟ್ಟಲು ತುಂಬಿಸಿದರೆ ಹೊರಡು ಎಂದರ್ಥ. ಚೋಲ್ಪೋನ್ ಹುಬ್ಬೇರಿಸಿದಳು. "ತುಂಬಿಸಿಬಿಟ್ರಾ? ಬೇಗ ಕುಡಿದು ಎದ್ದು ಹೋಗು ಅಂತಾನಾ?"

"ಅಯ್ಯೋ, ಇಲ್ಲ ಇಲ್ಲ!" ಗಾಬರಿಯಲ್ಲಿ ಅವನು ಅರ್ಧದಷ್ಟು ಚಹಾವನ್ನು ತನ್ನ ಬಟ್ಟಲಿಗೆ ಬಗ್ಗಿಸಿಕೊಂಡ. "ಕೂತ್ಕೊಳ್ಳಿ... ಖಾಲಿ ಆದ ಹಾಗೆ ಹಾಕ್ತಾ ಇರ್ತೀನಿ."

"ಎಲ್ಲಿವರೆಗೆ?"

"ನೀವು ಸಾಕು ಅನ್ನೋವರೆಗೆ."

ಅವಳು ಬಟ್ಟಲನ್ನು ಒಂದೇ ಗುಟುಕಿಗೆ ಬರಿದು ಮಾಡಿ ಅವನ ಮುಂದೆ ಹಿಡಿದಳು.

"'ನೀವು' ಅನ್ಬೇಡ. 'ನೀನು' ಅನ್ನು."