ಪ್ರಾಣ ಹೋಗುವ ಕಿಂಡಿ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಕಣಿವೆಯ ಠಾಣೆಗೆ ದೂರು ಬಂತು. ಕೊಟ್ಟವನು ಮ್ಯೂಸಿಯಂ ವ್ಯವಸ್ಥಾಪಕ ಬ್ಯೂಲರ್. ಈಗ ಮ್ಯೂಸಿಯಂ ಆಗಿರುವ, ಬೆಟ್ಟದ ಮೇಲಿನ ಹಿಟ್ಜ್ ಮನೆತನದ ಪುರಾತನ ಮನೆಯನ್ನು ಜಾಹೀರಾತಿನ ಶೂಟಿಂಗ್‌ಗೆ ಬಾಡಿಗೆಗೆ ಕೊಟ್ಟಿದ್ದ. ರಾತ್ರಿ ಯಾರೋ ನುಗ್ಗಿ ದೀಪ, ಕ್ಯಾಮೆರಾಗಳನ್ನೆಲ್ಲ ಕೊಡಲಿಯಿಂದ ಪುಡಿಗಟ್ಟಿದ್ದರು. ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್ ಲೂತ್ಸಿ ಗಾದ್ಮರ್, ಪೇದೆ ಫ್ಲೂರಿಯೊಂದಿಗೆ ಹಿಮ ತುಳಿಯುತ್ತ ಮೇಲೆ ಹತ್ತಿದ.

ಪಂಚನಾಮೆ ಮಲಗುವ ಕೋಣೆಗೆ ಬಂತು. ಮರದ ಗೋಡೆಯಲ್ಲಿ ಅಂಗೈಯಗಲದ ಕಿಂಡಿ. ಮನೆಯಲ್ಲಿ ಯಾರಾದರೂ ಸತ್ತಾಗ ಮಾತ್ರ, ಜೀವ ಹೊರಗೆ ಹೋಗಲೆಂದು, ಅದರ ಹಲಗೆ ಸರಿಸುವುದು ಕಣಿವೆಯ ರೂಢಿ. ಜೀವ ಹೊರಟ ಮೇಲೆ ಮುಚ್ಚಿಬಿಡುವುದು. ಸುಮ್ಮನೆ ತೆರೆದಿಟ್ಟರೆ ಆ ಮನೆತನದ ಒಬ್ಬರಿಗೆ ಸಾವನ್ನು ಕರೆದ ಹಾಗೆ. ಈಗ ಹಲಗೆ ಮುಚ್ಚಿತ್ತು. ಕತ್ತರಿಸಿದ ವೈರು ಕೆಳಗೆ ಬಿದ್ದಿತ್ತು.

"ವೈರು ಇದರೊಳಗಿಂದ ಎಳೆದಿದ್ರಾ?" ಜೊತೆಗಿದ್ದ ಬ್ಯೂಲರ್‌ನನ್ನು ಲೂತ್ಸಿ ಕೇಳಿದ.

"ಒಂದು ತೂತು ತಾನೇ ಸಾರ್? ಶೂಟಿಂಗ್ ಶುರುವಾದಾಗಿಂದ ತೆರೆದೇ ಇತ್ತು" ಎಂದ ಬ್ಯೂಲರ್.

ಲೂತ್ಸಿಗೆ ಮೈಯೆಲ್ಲ ಉರಿಯಿತು. ಅವನ ಅಜ್ಜಿಯ ಜೀವವೂ ಇಂಥದೇ ಕಿಂಡಿಯಿಂದ ಹೋಗಿತ್ತು.

"ಹೊರಗಿನವನಾದ್ರೆ ಒಡೆದು ಓಡ್ತಿದ್ದ" ಎಂದ ಫ್ಲೂರಿ. "ಇವನ್ಯಾಕೆ ನಿಂತು ಕಿಂಡಿ ಮುಚ್ಚಿದ?"

"ಈ ಮನೇಲಿ ಹುಟ್ಟಿದೋರು ಯಾರಿದಾರೆ ಈಗ?"

"ಇಬ್ಬರೇ ಸಾರ್. ನೇಸಕ್ಕ, ಅವಳ ತಂಗಿ ದೋರ್ತಾ. ದೋರ್ತಾಗೆ ಹೃದಯದ ಆಪರೇಷನ್, ಆಸ್ಪತ್ರೇಲಿದಾಳೆ."

ನೇಸಾಳ ಬಾಗಿಲಲ್ಲೇ ಕೊಡಲಿ ಒರಗಿತ್ತು. ಬಚ್ಚಿಡುವ ಗೋಜಿಗೇ ಹೋಗಿರಲಿಲ್ಲ ಮುದುಕಿ.

"ನೀನೇ ಏನಕ್ಕಾ?"

"ನಾನೇ. ಮುಚ್ರಪ್ಪ, ತಂಗಿ ಸಾವು ಬದುಕಿನ ಮಧ್ಯೆ ಇದಾಳೆ ಅಂತ ಗೋಗರೆದೆ. ಆ ಬ್ಯೂಲರ್ ನಕ್ಕ. ಮನೆ ದಾನ ಕೊಟ್ಟಾಯ್ತಲ್ಲಜ್ಜಿ, ಕಿಂಡೀನೂ ನಮ್ದೇ ಅಂದ. ಅವನ ನಾಲಿಗೆ ಬಿದ್ದುಹೋಗ!"

"ಮುಚ್ಚಿ ಸುಮ್ನೆ ಬರಬಹುದಿತ್ತಲ್ಲ?"

"ಮುಚ್ಚಿದ್ದೆ ಕಣಪ್ಪ. ಮತ್ತೆ ತೆಗೆದ್ರು. ಇನ್ನು ತೆಗೆಯೋಕೆ ಕಾರಣಾನೇ ಇರಬಾರದು ಅಂತ ಒಡೆದೆ."

ಲೂತ್ಸಿ ಬಂಧನದ ಕಾಗದ ಬರೆಯತೊಡಗಿದ. ಕೊಡಲಿ ಎತ್ತಿದವಳಿಗೆ ಕಲಂ ಇತ್ತು. ಬೇಡಿಕೊಂಡವಳ ಮುಖಕ್ಕೇ ನಕ್ಕವನಿಗೆ ಯಾವ ಕಲಮೂ ಇರಲಿಲ್ಲ. ಎಂಥ ದರಿದ್ರ ಕಾನೂನು ಎಂದು ಅವನು ಹಲ್ಲು ಕಡಿದ.

"ಆಸ್ಪತ್ರೆಗೊಂದು ಫೋನ್ ಮಾಡಪ್ಪ" ಎಂದಳು ನೇಸಾ. "ನನಗೆ ಕೇಳೋಕೆ ಭಯ."

ಅವನು ಮಾಡಿದ. ಆ ಕಡೆಯ ಮಾತು ಮುಗಿಯುವವರೆಗೂ ಮುದುಕಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು.

"ಬೆಳಿಗ್ಗೆ ಎಚ್ಚರ ಆಗಿದೆ ಅಕ್ಕ. ಸೂಪ್ ಕುಡಿದಳಂತೆ."

ನೇಸಾ ಎದ್ದು ಕೋಟು ಹಾಕಿಕೊಂಡಳು.

"ಹಾಗಾದ್ರೆ ನಡಿ. ಎಷ್ಟು ವರ್ಷ ಬೇಕಾದ್ರೂ ಒಳಗೆ ಹಾಕ್ಕೊಳ್ಳಿ."